ಲಿವರ್ ರಿಪೋರ್ಟ್‌ನಲ್ಲಿ ಪ್ರೋಟೀನ್ ಸಾಲುಗಳನ್ನು ಓದುವುದು ಹೇಗೆ?

ಕೋಲಾರದಲ್ಲಿ ಲಿವರ್ ಟೆಸ್ಟ್ ಮಾಡಿಸಿಕೊಂಡು ಬಂದವರು ರಿಪೋರ್ಟ್‌ನಲ್ಲಿ ಮೊದಲು ಹುಡುಕುವುದು ಬಿಲಿರುಬಿನ್. ಕಾಮಾಲೆ ಎಷ್ಟಿದೆ ಅನ್ನುವುದೇ ಚಿಂತೆ. ಅದೇ ಹಾಳೆಯಲ್ಲಿ ಟೋಟಲ್ ಪ್ರೋಟೀನ್, ಆಲ್ಬುಮಿನ್, ಗ್ಲಾಬ್ಯುಲಿನ್, ಎ/ಜಿ ರೇಶಿಯೊ ಅಂತ ನಾಲ್ಕು ಸಾಲು ಇರುತ್ತವೆ. ವರ್ಷಗಟ್ಟಲೆ ಲಿವರ್ ಕಾಯಿಲೆ ಇರುವವರು ಇವನ್ನು ಬಿಡಲೇಬಾರದು.

ಮೊದಲು ಟೋಟಲ್ ಪ್ರೋಟೀನ್ ನೋಡಬೇಡಿ. ಅದು ದಾರಿ ತಪ್ಪಿಸುತ್ತದೆ. ಆಲ್ಬುಮಿನ್ 2.6, ಗ್ಲಾಬ್ಯುಲಿನ್ 4.6 ಇದೆ ಅಂದುಕೊಳ್ಳಿ. ಕೂಡಿದರೆ 7.2, ಅಂದರೆ ನಾರ್ಮಲ್! ಆದರೆ ಆಲ್ಬುಮಿನ್ ಸಾಮಾನ್ಯವಾಗಿ ಒಂದು ಡೆಸಿಲೀಟರ್ (100 ಮಿ.ಲೀ.) ರಕ್ತಕ್ಕೆ 3.5ರಿಂದ 5 ಗ್ರಾಂ ಇರಬೇಕು, ಗ್ಲಾಬ್ಯುಲಿನ್ ಸುಮಾರು 2ರಿಂದ 3.5. ಎ/ಜಿ ರೇಶಿಯೊ, ಅಂದರೆ ಆಲ್ಬುಮಿನ್ ಅನ್ನು ಗ್ಲಾಬ್ಯುಲಿನ್‌ನಿಂದ ಭಾಗಿಸಿದರೆ ಬರುವ ಸಂಖ್ಯೆ, 1ಕ್ಕಿಂತ ಕೆಳಗಿದ್ದರೆ ಲೆಕ್ಕ ತಲೆಕೆಳಗಾಗಿದೆ ಅಂತ ತಿಳಿಯಿರಿ. ಸಿರೋಸಿಸ್‌ನಲ್ಲಿ, ಅಂದರೆ ಲಿವರ್ ಗಾಯಗೊಂಡು ಗಟ್ಟಿಯಾಗುವ ಕಾಯಿಲೆಯಲ್ಲಿ, ಹೀಗಾಗುವುದು ಜಾಸ್ತಿ.

ಆಮೇಲೆ ಆಲ್ಬುಮಿನ್. ಇದನ್ನು ತಯಾರಿಸುವುದು ಲಿವರ್ ಮಾತ್ರ. ರಕ್ತದ ನೀರನ್ನು ನಾಳದೊಳಗೆ ಹಿಡಿದಿಡುವುದು ಇದರ ಕೆಲಸ. ಕಡಿಮೆಯಾದರೆ ಕಾಲು, ಹೊಟ್ಟೆಯಲ್ಲಿ ನೀರು ತುಂಬುವುದು ಸುಲಭ. ರಕ್ತದಲ್ಲಿರುವ ಆಲ್ಬುಮಿನ್ ಅರ್ಧಕ್ಕೆ ಇಳಿಯಲು ಸುಮಾರು 20 ದಿನ ಬೇಕು. ಹಾಗಾಗಿ ಲಿವರ್ ಶಕ್ತಿ ಈಗ ತಾನೇ ಕುಗ್ಗಿದ್ದರೆ ಇದರಲ್ಲಿ ಬೇಗ ಕಾಣುವುದಿಲ್ಲ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ಅಳೆಯುವ ಪಿಟಿ-ಐಎನ್‌ಆರ್‌ ಟೆಸ್ಟ್‌ನಲ್ಲಿ ಮೊದಲು ಕಾಣುತ್ತದೆ. ಕಿಡ್ನಿಯಿಂದ ಸೋರಿಯೂ ಆಲ್ಬುಮಿನ್ ಇಳಿಯಬಹುದು, ಸೋಂಕಿನಿಂದಲೂ ಇಳಿಯಬಹುದು. ಮೂತ್ರದ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ.

ಗ್ಲಾಬ್ಯುಲಿನ್ ಏರಿದೆ ಅಂತ ಖುಷಿಪಡುವಂತಿಲ್ಲ. ಕರುಳಿನಿಂದ ಬರುವ ರಕ್ತವನ್ನು ಲಿವರ್ ಸೋಸುತ್ತದೆ. ಲಿವರ್ ಗಟ್ಟಿಯಾದಾಗ ರಕ್ತ ಬೇರೆ ದಾರಿ ಹಿಡಿಯುತ್ತದೆ, ಕರುಳಿನ ಬ್ಯಾಕ್ಟೀರಿಯಾದ ಅಂಶಗಳು ಸೋಸದೆಯೇ ಮೈಯೆಲ್ಲ ಹರಡುತ್ತವೆ. ಅವುಗಳ ವಿರುದ್ಧ ದೇಹ ಆ್ಯಂಟಿಬಾಡಿಗಳನ್ನು ತಯಾರಿಸುತ್ತಲೇ ಇರುತ್ತದೆ; ಆ್ಯಂಟಿಬಾಡಿಗಳೂ ಗ್ಲಾಬ್ಯುಲಿನ್‌ಗಳೇ. ಮದ್ಯದಿಂದ ಕೆಟ್ಟ ಲಿವರ್‌ನಲ್ಲಿ ಐಜಿಎ, ದೇಹದ ರಕ್ಷಣಾ ವ್ಯವಸ್ಥೆಯೇ ಲಿವರ್ ಮೇಲೆ ದಾಳಿ ಮಾಡುವ ಆಟೋಇಮ್ಯೂನ್ ಹೆಪಟೈಟಿಸ್‌ನಲ್ಲಿ ಐಜಿಜಿ ಅನ್ನುವ ಆ್ಯಂಟಿಬಾಡಿ ಹೆಚ್ಚು ಏರುವುದುಂಟು. ರಕ್ತದ ಪ್ರೋಟೀನ್‌ಗಳನ್ನು ಬಿಡಿಸಿ ಗೆರೆಯಾಗಿ ತೋರಿಸುವ ಎಲೆಕ್ಟ್ರೋಫೊರೆಸಿಸ್ ಟೆಸ್ಟನ್ನು ಡಾಕ್ಟರ್ ಬರೆದುಕೊಟ್ಟರೆ ಮಾಡಿಸಿ. ಅದರ ಗೆರೆ ಅಗಲವಾಗಿ ಉಬ್ಬಿದ್ದರೆ ಲಿವರ್ ಕಾಯಿಲೆಗೆ ಹೊಂದುತ್ತದೆ. ಮೊನಚಾಗಿ ಒಂದೇ ಕಡೆ ಎದ್ದಿದ್ದರೆ ರಕ್ತದ ಕಾಯಿಲೆಯ ತಜ್ಞರು ನೋಡಬೇಕು.

ಇನ್ನು ಊಟ. ನನಗೆ ಹೆಚ್ಚು ಸಂಕಟವಾಗುವುದು ಇಲ್ಲೇ. ಪಥ್ಯ ಅಂತ ಬೇಳೆ, ಹಾಲು, ಮೊಟ್ಟೆ ಎಲ್ಲ ಬಿಡಿಸಿ ಬರೀ ಗಂಜಿ ಕೊಡುತ್ತಾರೆ. ಸಿರೋಸಿಸ್ ಇರುವವರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ಇರುವವರಿಗೆ 72ರಿಂದ 90 ಗ್ರಾಂ. ಮೈಯಲ್ಲಿ ನೀರು ತುಂಬಿದ್ದರೆ ಯಾವ ತೂಕ ಲೆಕ್ಕಕ್ಕೆ ಹಿಡಿಯಬೇಕು ಅಂತ ಡಾಕ್ಟರ್ ಹೇಳುತ್ತಾರೆ. ಪ್ರೋಟೀನ್ ಬಿಟ್ಟರೆ ಮಾಂಸಖಂಡ ಕರಗುತ್ತದೆ, ಕಾಯಿಲೆ ಇನ್ನೂ ಬಿಗಡಾಯಿಸುತ್ತದೆ. ಬರೀ ಮುದ್ದೆಯಿಂದ ಇಷ್ಟು ಸಿಗುವುದಿಲ್ಲ. ಬಸ್ಸಾರು ಮಾಡಿದಾಗ ತಿಳಿಯನ್ನಷ್ಟೇ ಬಡಿಸಬೇಡಿ, ಬಸಿದ ಕಾಳಿನ ಪಲ್ಯದಲ್ಲೇ ಪ್ರೋಟೀನ್ ಇರುವುದು ಅಲ್ವಾ? ಅವರೆಕಾಳು, ಹೆಸರುಕಾಳು, ಮೊಸರು, ಮೊಟ್ಟೆ ಇರಲಿ. ಮಲಗುವ ಮುಂಚೆ ಹಾಲಿನ ಜೊತೆ ಏನಾದರೂ ಸ್ವಲ್ಪ ತಿನ್ನಿಸಿ. ರಾತ್ರಿಯಿಡೀ ಹೊಟ್ಟೆ ಖಾಲಿ ಇದ್ದರೂ ಮಾಂಸಖಂಡ ಕರಗುತ್ತದೆ. ನೀರು ತುಂಬಿದ್ದರೆ ಉಪ್ಪಿನಕಾಯಿ, ಹಪ್ಪಳ ದೂರವಿಡಿ.

ನಂಬರ್ ಏರಿಸಲಿ ಅಂತ ಸುಮ್ನೆ ಆಲ್ಬುಮಿನ್ ಬಾಟಲಿ ಹಾಕಿಸಬೇಡಿ. ಹೊಟ್ಟೆಯಿಂದ 5 ಲೀಟರ್‌ಗಿಂತ ಹೆಚ್ಚು ನೀರು ತೆಗೆದಾಗ, ಆ ನೀರಿಗೆ ಸೋಂಕು ತಗುಲಿದಾಗ ಅದು ನಿಜಕ್ಕೂ ಬೇಕಾಗುತ್ತದೆ.

ಹೊಟ್ಟೆಯಲ್ಲಿ ನೀರಿರುವವರಿಗೆ ಜ್ವರ, ಹೊಟ್ಟೆನೋವು ಬಂದರೆ, ಮಾತು ತೊದಲಿದರೆ, ರಕ್ತ ವಾಂತಿಯಾದರೆ, ಮಲ ಟಾರಿನಂತೆ ಕಪ್ಪಾದರೆ ಹೊಸ ರಿಪೋರ್ಟ್‌ಗೆ ಕಾಯಬೇಡಿ. ಹಳೆಯ ಫೈಲ್ ಹಿಡಿದು ತಕ್ಷಣ ಆಸ್ಪತ್ರೆಗೆ ಹೋಗಿ.