ಮೇಳದ ಮಳಿಗೆಯಲ್ಲಿ ಅಡಿಕೆಯ ಜೊತೆಗೆ ಅದರ ದುಡಿಮೆಯನ್ನೂ ತೋರಿಸುವ ಬಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಕೃಷಿ ಮೇಳಗಳಲ್ಲಿ ಅಡಿಕೆಯ ಮಳಿಗೆಯೆಂದರೆ ಬಿಳಿ ಬಟ್ಟೆ ಹಾಸಿದ ಮೇಜು, ಬಟ್ಟಲುಗಳಲ್ಲಿ ರಾಶಿ, ಬೆಟ್ಟೆ, ಚಾಲಿ ಎಂಬ ಹದಮಾಡಿದ ಅಡಿಕೆಯ ಬಗೆಗಳು, ಪಕ್ಕದಲ್ಲೊಂದು ಹಸಿ ಕೊನೆ (ಅಡಿಕೆಯ ಗೊಂಚಲು), ಹಿಂದೆ ತೋಟದ ಯಜಮಾನರ ಹೆಸರಿನ ಫಲಕ. ಕೊನೆ ಇಳಿಸಿದವರು, ಸುಲಿದವರು, ಬೇಯಿಸಿದವರು, ಒಣಗಿಸಿ ಆರಿಸಿದವರು ಅಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಮುಂದಿನ ಮೇಳಕ್ಕೆ ಮಳಿಗೆ ಸಿದ್ಧಪಡಿಸುವ ಸಂಘಗಳೂ ಶಾಲೆಗಳೂ ಸ್ವಸಹಾಯ ಗುಂಪುಗಳೂ ಈ ಕೊರತೆಯನ್ನು ಹೇಗೆ ತುಂಬಬಹುದು ಎಂಬುದನ್ನು, ಹಿಂದಿನ ಪ್ರದರ್ಶನಗಳು ಎಡವಿದ ಜಾಗಗಳನ್ನು ನೋಡಿಕೊಂಡು, ಇಲ್ಲಿ ವಿವರಿಸಿದ್ದೇನೆ.

ಮೊದಲು ಒಂದೇ ಒಂದು ಕೆಲಸವನ್ನು ಆರಿಸಿಕೊಳ್ಳಿ. ತೋಟದ ಇಡೀ ವರ್ಷವನ್ನು ಹತ್ತು ಅಡಿಯ ಮಳಿಗೆಯಲ್ಲಿ ತುಂಬಲು ಹೊರಟರೆ ಕೊನೆಗೆ ಉಳಿಯುವುದು ಫಲಕಗಳು ಮಾತ್ರ. ಸುಲಿಗೆಯನ್ನು, ಅಂದರೆ ಅಡಿಕೆಯ ಸಿಪ್ಪೆ ತೆಗೆಯುವ ಕೆಲಸವನ್ನು, ಆರಿಸಿಕೊಂಡಿರಿ ಎನ್ನೋಣ: ಒಂದು ಕ್ವಿಂಟಲ್ ಒಣ ಅಡಿಕೆಯ ಹಿಂದೆ ಎಷ್ಟು ಜನರ ಎಷ್ಟು ದಿನದ ಸುಲಿಗೆ ಇದೆ, ಕೂಲಿಯನ್ನು ದಿನದ ಲೆಕ್ಕದಲ್ಲಿ ಕೊಡಲಾಯಿತೋ ಅಳತೆಯ ಲೆಕ್ಕದಲ್ಲೋ, ರಾತ್ರಿ ಎಷ್ಟು ಹೊತ್ತಿನವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತಿದ್ದರು ಎಂಬುದನ್ನು ನಿಮ್ಮದೇ ಅಂಗಳದಲ್ಲಿ ಒಂದು ವಾರ ಬರೆದಿಟ್ಟು ಆ ಅಂಕಿಗಳನ್ನೇ ಹಾಕಿ. ಬೇರೆಡೆಯಿಂದ ತಂದ ಸರಾಸರಿಯನ್ನು ಹಾಕಬೇಡಿ. ನೋಡಲು ಬರುವವರಲ್ಲಿ ಅರ್ಧದಷ್ಟು ಜನ ಸ್ವತಃ ಸುಲಿದವರಾಗಿರುವುದರಿಂದ ತಪ್ಪು ಅಂಕಿ ಐದು ನಿಮಿಷವೂ ನಿಲ್ಲುವುದಿಲ್ಲ.

ಅಂಕಿಗಿಂತ ಭಾರ ಬೇಗ ಅರ್ಥವಾಗುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಗರಿಷ್ಠ 9 ಎಕರೆಯವರೆಗೆ ಸೊಪ್ಪಿನ ಬೆಟ್ಟ (ಗೊಬ್ಬರಕ್ಕೆ ಸೊಪ್ಪು ತರುವ ಕಾಡು) ಬಿಟ್ಟುಕೊಡುವ ಹಳೆಯ ಪದ್ಧತಿ ಇದೆ. ಆ ಬೆಟ್ಟದ ಸೊಪ್ಪೂ ದರಕೂ (ಉದುರಿದ ಒಣ ಎಲೆ) ತಾವಾಗಿಯೇ ನಡೆದು ಕೊಟ್ಟಿಗೆಗೆ ಬರುವುದಿಲ್ಲವಷ್ಟೆ. ಒಂದು ಹೊರೆ ದರಕನ್ನು ಕಟ್ಟಿ, ತೂಕದ ಚೀಟಿ ಅಂಟಿಸಿ, ಬಂದವರು ಎತ್ತಿ ನೋಡಲೆಂದು ಮಳಿಗೆಯ ಬಾಯಲ್ಲೇ ಇಡಿ.

ಸುಲಿಗೆ ಸ್ಪರ್ಧೆ ಏರ್ಪಡಿಸುವುದಾದರೆ ಬಹುಮಾನ ಯಾವುದಕ್ಕೆ ಎಂಬುದನ್ನು ಚೆನ್ನಾಗಿ ಯೋಚಿಸಬೇಕು. ಲಂಡನ್ನಿನಲ್ಲಿ 1798ರಲ್ಲಿ ಹುಟ್ಟಿದ ಸ್ಮಿತ್‌ಫೀಲ್ಡ್ ಕ್ಲಬ್ಬಿನ ಪ್ರದರ್ಶನಗಳಲ್ಲಿ ಕೊಬ್ಬಿದ ದನಗಳಿಗೆ ಬಹುಮಾನವಿತ್ತು, ಅದು ಸಲ್ಲುತ್ತಿದ್ದುದು ಒಡೆಯನಿಗೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಹಲವು ಸ್ಥಳೀಯ ಕೃಷಿ ಸಂಘಗಳು ಕೂಲಿಯವರಿಗೂ ಬಹುಮಾನ ಕೊಟ್ಟವು; ನೇಗಿಲು ಹೊಡೆಯುವ ಪೈಪೋಟಿಯ ಜೊತೆಗೆ, ಒಬ್ಬನೇ ಯಜಮಾನನ ಬಳಿ ಹೆಚ್ಚು ವರ್ಷ ದುಡಿದವನಿಗೆ ಮತ್ತು ಊರಿನ ಬಡವರ ನಿಧಿಗೆ ಕೈಯೊಡ್ಡದೆ ಹೆಚ್ಚು ಮಕ್ಕಳನ್ನು ಸಾಕಿದವನಿಗೆ. ಕೈಚಳಕಕ್ಕೆ ಕೊಟ್ಟದ್ದು ಸರಿ, ವಿಧೇಯತೆಗೆ ಕೊಟ್ಟದ್ದು ಯಜಮಾನನ ಅನುಕೂಲಕ್ಕೆ. ಆದ್ದರಿಂದ ನಮ್ಮಲ್ಲಿ ‘ಮೂವತ್ತು ವರ್ಷದಿಂದ ನಮ್ಮ ಮನೆಯಲ್ಲೇ ಇದ್ದಾರೆ’ ಎಂದು ಶಾಲು ಹೊದೆಸುವುದನ್ನು ಬಿಟ್ಟು, ಎಲ್ಲರಿಗೂ ತೂಕ ಮಾಡಿದ ಒಂದೇ ತೋಟದ ಅಡಿಕೆ ಕೊಟ್ಟು, ವೇಗದ ಜೊತೆಗೆ ಕತ್ತಿ ತಾಗದೆ ಇಡಿಯಾಗಿ ಬಂದ ಅಡಿಕೆಗೂ ಅಂಕ ಇಟ್ಟು, ಹಣವನ್ನು ಗೆದ್ದವರ ಕೈಗೇ ಕೊಡುವುದು ಒಳ್ಳೆಯದು.

ಕೆಲಸ ಮಾಡುವವರನ್ನೇ ಕರೆದು ಕೂರಿಸುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. 1886ರಲ್ಲಿ ಲಂಡನ್ನಿನಲ್ಲಿ ನಡೆದ ವಸಾಹತು ಮತ್ತು ಭಾರತ ಪ್ರದರ್ಶನದಲ್ಲಿ ನಮ್ಮ ದೇಶದ ನೇಕಾರರನ್ನೂ ಕುಶಲಕರ್ಮಿಗಳನ್ನೂ ಕೂರಿಸಿ ಕೆಲಸ ಮಾಡಿಸಲಾಯಿತು. ನೋಡಿದವರು ಅವರನ್ನು ತಲೆತಲಾಂತರದ ಹಳ್ಳಿಯ ಕಸುಬುದಾರರೆಂದು ನಂಬಿದರು. ಅವರಲ್ಲಿ ಹೆಚ್ಚಿನವರು ಆಗ್ರಾದ ಸೆರೆಮನೆಯಲ್ಲಿ ಆ ಕಸುಬು ಕಲಿತವರಾಗಿದ್ದರು. ನೋಡುವವರಿಗೂ ಕುಳಿತವರಿಗೂ ಮಾತೇ ಇಲ್ಲದಿದ್ದಾಗ ಹೀಗಾಗುತ್ತದೆ. ಬಂದವರಿಗೆ ಪೂರ್ತಿ ದಿನದ ಕೂಲಿ ಕೊಡಿ, ನಡುವೆ ಹಗ್ಗ ಕಟ್ಟಬೇಡಿ, ವಿವರಣೆಯನ್ನು ಅವರೇ ಕೊಡಲಿ, ಚಿತ್ರ ತೆಗೆಯಬಹುದೇ ಎಂಬುದನ್ನು ಅವರೇ ಹೇಳಲಿ. ಕುಮಟೆ, ಅಂಕೋಲೆಯ ಕಡೆ ಹಾಲಕ್ಕಿ ಒಕ್ಕಲಿನ ಹೆಂಗಸರನ್ನು ಮಣಿಸರದ ಅಂದಕ್ಕಾಗಿಯೇ ಮೇಳಕ್ಕೆ ಕರೆಯುವ ಚಾಳಿ ಇದೆ. ವಿಷಯ ಅಘನಾಶಿನಿ ನದಿಯ ಗಜನಿ ಗದ್ದೆಯಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಬೆಳೆಯುವ ಕಗ್ಗ ಭತ್ತವಾಗಿದ್ದರೆ, ಮಾತು ಉಪ್ಪುನೀರಿನಲ್ಲಿ ನಿಂತು ಮಾಡುವ ಕೆಲಸದ ಬಗ್ಗೆಯೂ ಕಟ್ಟೆ ಒಡೆದ ವರ್ಷದ ಬಗ್ಗೆಯೂ ಇರಬೇಕು.

ಹೆಂಗಸರು ಮೊದಲ ದಿನ ಮುಂದೆ ಬರದಿದ್ದರೆ ಅದನ್ನು ಒಲ್ಲೆನೆಂಬ ಉತ್ತರವೆಂದು ತಿಳಿಯಬೇಡಿ. ಅಮೆರಿಕದ ಪಿಟ್ಸ್‌ಫೀಲ್ಡಿನಲ್ಲಿ ಕೃಷಿ ಜಾತ್ರೆಗಳಿಗೆ ನಾಂದಿ ಹಾಡಿದ ಎಲ್ಕಾನಾ ವಾಟ್ಸನ್ 1813ರಲ್ಲಿ ಮನೆಯಲ್ಲಿ ನೇಯ್ದ ಬಟ್ಟೆಗೆ ಬಹುಮಾನ ಸಾರಿದಾಗ, ಬಟ್ಟೆಗಳು ಬಂದರೂ ನೇಯ್ದ ಹೆಂಗಸರು ಬರಲಿಲ್ಲವಂತೆ. ಆತನ ಹೆಂಡತಿ ತಾನೇ ಬಂದು ಕುಳಿತು ಉಳಿದವರಿಗೆ ಹೇಳಿ ಕಳುಹಿಸಿದ ಮೇಲೆ ಸಭೆ ತುಂಬಿತು. ಸುಲಿಗೆಯ ಚಪ್ಪರದಲ್ಲಿ ಎಲ್ಲರೂ ಮಾತು ಕೇಳುವ ಒಬ್ಬ ಅಕ್ಕ ಇದ್ದೇ ಇರುತ್ತಾಳೆ. ಆಹ್ವಾನ ಅವಳಿಂದ ಹೋಗಲಿ.

ಅಪಾಯವನ್ನು ಮರೆಮಾಡಬೇಡಿ. ಮಾಸ್ಕೋದಲ್ಲಿ 1939ರಲ್ಲಿ ತೆರೆದ ಅಖಿಲ ಸೋವಿಯತ್ ಕೃಷಿ ಪ್ರದರ್ಶನದಲ್ಲಿ ದುಡಿಯುವವರಿಗೆ ಸಿಕ್ಕಷ್ಟು ಗೌರವ ಅದುವರೆಗೆ ಬೇರೆಲ್ಲೂ ಸಿಕ್ಕಿರಲಾರದು. ಕಾರ್ಮಿಕ ಮತ್ತು ರೈತ ಮಹಿಳೆಯ ಬೃಹತ್ ಉಕ್ಕಿನ ಪ್ರತಿಮೆಯೇ ಅದರ ಬಳಿ ನಿಂತಿತು. ಆದರೆ ಕೆಲವೇ ವರ್ಷಗಳ ಹಿಂದೆ, 1932-33ರಲ್ಲಿ, ಅದೇ ಹೊಲಗಳಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತದ್ದಕ್ಕೆ ಅಲ್ಲಿ ಜಾಗವಿರಲಿಲ್ಲ. ಅಷ್ಟು ದೊಡ್ಡ ಮಾತು ನಮಗೇಕೆ ಎನ್ನಬಹುದು. ನಾವೊಮ್ಮೆ ಮಳಿಗೆಯ ಹಿಂಬದಿಗೆ ನಗುನಗುತ್ತ ಮದ್ದು ಹೊಡೆಯುವವನ ಚಿತ್ರ ಬರೆಸಿದ್ದೆವು. ಅದನ್ನು ನೋಡಿದ, ಮರ ಹತ್ತಿ ಮದ್ದು ಹೊಡೆಯುವ, ಕೊನೆ ಇಳಿಸುವ ಕೊನೆಗೌಡರೊಬ್ಬರು, ‘ಮಳೆಗಾಲದ ಮರ ಇಷ್ಟು ಒಣಗಿರ್ತದಾ?’ ಎಂದಷ್ಟೇ ಕೇಳಿದರು. ಮಳೆಗಾಲದಲ್ಲಿ ಅಡಿಕೆ ಕೊಳೆತು ಉದುರುವ ಕೊಳೆ ರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಮೈಲುತುತ್ತ ಮತ್ತು ಸುಣ್ಣ ತಲಾ 1 ಕಿಲೋ, ಎಂದು ಬರೆಯುವ ಫಲಕದಲ್ಲೇ ಅದನ್ನು ಪಾಚಿಗಟ್ಟಿ ಜಾರುವ ಮರದ ಮೇಲಿಂದ ಹೊಡೆಯಬೇಕಾಗಿತ್ತು ಎಂದೂ, ನೆಲದಲ್ಲೇ ನಿಂತು ಹೊಡೆಯುವ ಫೈಬರ್ ದೋಟಿ (ಉದ್ದ ಕೋಲು) ಬಂದ ಮೇಲೆ ಏನು ಬದಲಾಯಿತು ಎಂದೂ ಬರೆಯಿರಿ.

ಇನ್ನು ದಿನಾಂಕದ ಮಾತು. ಕೊಯ್ಲಿನ ತಿಂಗಳುಗಳಲ್ಲಿ ಮೇಳವಿದ್ದರೆ ಕೊನೆಗೌಡರು ಸಿಗುವುದು ಕಷ್ಟ. ಆ ದಿನಗಳನ್ನೆಲ್ಲ ಮೊದಲೇ ಯಾವುದಾದರೊಂದು ತೋಟಕ್ಕೆ ಒಪ್ಪಿಕೊಂಡಿರುತ್ತಾರೆ. ತಿಂಗಳ ಮೊದಲೇ ಕೇಳಿ. ಆದರೂ ಬರಲಾಗದಿದ್ದರೆ ಅವರ ಬದಲು ಬೇರೆಯವರಿಗೆ ವೇಷ ಹಾಕಿ ನಿಲ್ಲಿಸಬೇಡಿ. ಅವರು ಮರದ ಮೇಲಿಂದ ಕೊನೆ ಇಳಿಬಿಡುವ ಹಗ್ಗವನ್ನು ಮಳಿಗೆಯಲ್ಲಿ ತೂಗುಹಾಕಿ, ಅವರು ಒಪ್ಪಿದರೆ ಹೆಸರು ಬರೆದು, ಇವತ್ತು ಎಷ್ಟು ಮರ ಹತ್ತಲಿದ್ದಾರೆ ಎಂಬ ಚೀಟಿಯನ್ನು ಅದರ ತುದಿಗೆ ಕಟ್ಟಿ.