ಕೊಚ್ಚಿಯಿಂದ ಕೇಪ್‌ಗೆ: ಗುಲಾಮ ಹುಡುಗಿಯೊಬ್ಬಳ ಕಾದಂಬರಿ ಬರೆದ ಅನುಭವ

ಗುಲಾಮಗಿರಿ ಎಂದೊಡನೆ ನಮ್ಮ ಹೈಸ್ಕೂಲು ಮಕ್ಕಳಿಗೆ ನೆನಪಾಗುವುದು ಅಮೆರಿಕದ ಹತ್ತಿಯ ಹೊಲಗಳು. ಭಾರತದ ಕರಾವಳಿಯಿಂದ ಹಡಗು ಹತ್ತಿಸಲಾದವರು ಆಫ್ರಿಕದ ದಕ್ಷಿಣ ತುದಿಯಲ್ಲಿ ಗುಲಾಮರಾಗಿ ಬದುಕಿ ಸತ್ತರೆಂಬುದು ಹಿರಿಯರಲ್ಲೂ ಹೆಚ್ಚಿನವರಿಗೆ ತಿಳಿದಿಲ್ಲ. ಡಚ್ ಈಸ್ಟ್ ಇಂಡಿಯಾ ಕಂಪನಿ 1652ರಲ್ಲಿ ಆ ತುದಿಯ ಕೇಪ್‌ನಲ್ಲಿ ನೆಲೆಯೂರಿದಂದಿನಿಂದ, 1808ರಲ್ಲಿ ಬ್ರಿಟಿಷ್ ಆಡಳಿತದಲ್ಲಿ ಗುಲಾಮರ ಸಾಗಣೆ ನಿಲ್ಲುವವರೆಗೆ, ಸುಮಾರು 63,000 ಜನರನ್ನು ಅಲ್ಲಿಗೆ ತರಲಾಯಿತೆಂದೂ ಅವರಲ್ಲಿ ಕಾಲು ಭಾಗದಷ್ಟು ಜನ ಬಂಗಾಳ, ಕೋರಮಂಡಲ, ಮಲಬಾರುಗಳ ಕಡೆಯವರೆಂದೂ ಇತಿಹಾಸಕಾರರು ಅಂದಾಜಿಸಿದ್ದಾರೆ. ಹದಿಹರೆಯದವರಿಗೆಂದು ನಾನು ಬರೆದ ಕಾದಂಬರಿ ಅವರಲ್ಲಿ ಒಬ್ಬಳಾಗಿರಬಹುದಾದ ಹುಡುಗಿಯದು. ಕೊಚ್ಚಿಯಲ್ಲಿ ಮಾರಾಟವಾಗಿ, 1760ರ ದಶಕದಲ್ಲಿ ಕೇಪ್ ಟೌನಿನ ಮನೆಯೊಂದನ್ನು ಸೇರಿದವಳದು.

ಕಥೆಯನ್ನು ಹಡಗಿನಿಂದಲ್ಲ, ಕ್ರಯಪತ್ರದಿಂದ ಆರಂಭಿಸಿದೆ. ಡಚ್ಚರ ಕೈಯಲ್ಲಿದ್ದ ಕೊಚ್ಚಿಯಲ್ಲಿ ಗುಲಾಮರ ಮಾರಾಟ ಕಾಗದದ ಮೇಲೆ ನೋಂದಣಿಯಾಗುತ್ತಿತ್ತು, ಮಾರಾಟವಾದವರ ಜಾತಿಯೂ ಅದರಲ್ಲಿ ದಾಖಲಾಗುತ್ತಿತ್ತು. ಪುಲಯರಂತಹ, ಮೊದಲೇ ಭೂಮಾಲೀಕರಿಗೆ ಜೀತಕ್ಕೆ ಕಟ್ಟುಬಿದ್ದಿದ್ದ ಸಮುದಾಯಗಳವರು ಅವರಲ್ಲಿದ್ದರು. ಈ ಸಂಗತಿಯನ್ನು ಬಿಟ್ಟು ಬರೆಯುವುದು ಸುಲಭವಿತ್ತು, ಆಗ ಬಿಳಿಯರೊಬ್ಬರೇ ಅಪರಾಧಿಗಳಾಗಿ ಉಳಿಯುತ್ತಿದ್ದರು. ಆದರೆ ಕೊಳ್ಳುವವನು ಬರುವ ಮೊದಲೇ ಮಾರುವವನು ನಮ್ಮ ನೆಲದಲ್ಲಿದ್ದನೆಂಬುದನ್ನು ಮಕ್ಕಳಿಂದ ಮುಚ್ಚಿಟ್ಟು ಈ ಕಥೆಯನ್ನು ಹೇಳಲು ನನಗೆ ಮನಸ್ಸು ಒಪ್ಪಲಿಲ್ಲ. ಆದ್ದರಿಂದ ಮೊದಲ ಅಧ್ಯಾಯದಲ್ಲಿ ಹುಡುಗಿಯನ್ನು ಮಾರುವವನು ಅವಳ ಊರಿನವನೇ. ಅವಳನ್ನು ಕೊಂಡ ಕಂಪನಿಯ ಅಧಿಕಾರಿ ಸ್ವದೇಶಕ್ಕೆ ಮರಳುವಾಗ, ಹಾಲೆಂಡಿಗೆ ಗುಲಾಮರನ್ನು ಕರೆದೊಯ್ಯುವಂತಿಲ್ಲವಾದ್ದರಿಂದ, ದಾರಿಯಲ್ಲಿ ಕೇಪ್‌ನಲ್ಲೇ ಮಾರಿಬಿಡುತ್ತಾನೆ. ಏಷ್ಯಾದ ಅನೇಕ ಗುಲಾಮರು ಅಲ್ಲಿಗೆ ತಲುಪಿದ್ದು ಹೀಗೆಯೇ. ಅಲ್ಲಿ ಅವಳ ಹೆಸರು ಹೋಗಿ 'ಫ್ಲೋರಾ ಫಾನ್ ಮಲಬಾರ್', ಅಂದರೆ ಮಲಬಾರಿನ ಫ್ಲೋರಾ, ಎಂದಾಗುತ್ತದೆ.

ಬರವಣಿಗೆಯುದ್ದಕ್ಕೂ ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಅವಳ ಧೈರ್ಯದ ಅಳತೆಯದು. ಎಳೆಯ ಓದುಗರಿಗೆ ಗೆಲ್ಲುವ ನಾಯಕಿ ಬೇಕು ಎಂಬ ಒತ್ತಾಯ ಎಲ್ಲ ಕಡೆಯಿಂದ ಬರುತ್ತದೆ. ಇಂದಿನ ಹುಡುಗಿಯ ಮಾತನ್ನು ಅವಳ ಬಾಯಲ್ಲಿಟ್ಟು ಯಜಮಾನನಿಗೆ ಎದುರುತ್ತರ ಕೊಡಿಸಿಬಿಟ್ಟರೆ ಓದುಗರು ಸಂತೋಷಪಡುತ್ತಾರೆ, ಆದರೆ ಅಷ್ಟು ಸುಲಭವಾಗಿ ಉತ್ತರ ಕೊಡಬಹುದಾಗಿದ್ದರೆ ಉಳಿದವರೇಕೆ ಕೊಡಲಿಲ್ಲ ಎಂಬ ತಪ್ಪು ಪ್ರಶ್ನೆ ಅವರ ಮನಸ್ಸಿನಲ್ಲಿ ಹುಟ್ಟುತ್ತದೆ. ಕೇಪ್‌ನ ಡಚ್ ಗವರ್ನರ್ ಟುಲ್ಬಾಖ್‌ನ ಕಾಲದಲ್ಲಿ, 1754ರಲ್ಲಿ, ಗುಲಾಮರ ಮೇಲಿನ ಕಟ್ಟಳೆಗಳನ್ನೆಲ್ಲ ಒಟ್ಟುಗೂಡಿಸಿ ಹೊರಡಿಸಲಾಯಿತು. ರಾತ್ರಿ ಹತ್ತರ ಮೇಲೆ ಲಾಂದ್ರವಿಲ್ಲದೆ ಹೊರಗೆ ಕಾಣಿಸಿಕೊಳ್ಳಬಾರದು, ರಾತ್ರಿ ಹಾಡಬಾರದು, ಸಿಳ್ಳೆ ಹಾಕಬಾರದು, ಬೀದಿಯಲ್ಲಿ ನಿಂತು ಇನ್ನೊಬ್ಬ ಗುಲಾಮನೊಡನೆ ಮಾತನಾಡಬಾರದು. ಈ ಕಟ್ಟಳೆಗಳನ್ನು ಓದಿದ ಮೇಲೆ ನನಗೆ ದೃಶ್ಯಗಳು ತಾವಾಗಿಯೇ ದೊರೆತವು. ಟೇಬಲ್ ಬೆಟ್ಟದಿಂದ ಇಳಿಯುವ ಪ್ಲಾಟೆಕ್ಲಿಪ್ ತೊರೆಯಲ್ಲಿ ಗುಲಾಮ ಹೆಂಗಸರು ಪಟ್ಟಣದ ಬಟ್ಟೆಗಳನ್ನು ಒಗೆಯುತ್ತಿದ್ದರು. ಬಂಡೆಯ ಮೇಲೆ ಬಟ್ಟೆ ಬಡಿಯುವ ಸದ್ದಿನ ಮರೆಯಲ್ಲಿ ಅವರು ಸುದ್ದಿಗಳನ್ನು ಹಂಚಿಕೊಳ್ಳುವುದನ್ನೂ, ದೂರದಲ್ಲಿ ಯಾರೋ ಬರುವುದು ಕಂಡೊಡನೆ ಮಾತು ನಿಂತು ಬಡಿತವಷ್ಟೇ ಜೋರಾಗುವುದನ್ನೂ ಕಲ್ಪಿಸಿಕೊಂಡೆ. ನನ್ನ ಫ್ಲೋರಾ ಮೊದಲ ಬಾರಿ ಸಿಳ್ಳೆ ಹಾಕುವುದು ಒಂದು ರಾತ್ರಿ, ಹಿತ್ತಲಿನಲ್ಲಿ. ಅಷ್ಟರಿಂದ ಅವಳಿಗೆ ಏನಾಗಬಹುದೆಂಬುದು ಓದುಗರಿಗೆ ಆ ವೇಳೆಗೆ ತಿಳಿದಿರುತ್ತದೆ.

ಗುಲಾಮರ ಮಾತು ನಮಗೆ ಉಳಿದಿರುವುದು ಬಹುಮಟ್ಟಿಗೆ ಕಂಪನಿಯ ನ್ಯಾಯಾಲಯದ ಕಡತಗಳಲ್ಲಿ. ಅವುಗಳನ್ನು ನಾನು ಓದಿದ್ದು ಇಂಗ್ಲಿಷ್ ಅನುವಾದದಲ್ಲಿ. 'ನಾನು' ಎಂದಲ್ಲ, 'ಅವನು', 'ಅವಳು' ಎಂದು ಗುಮಾಸ್ತನೊಬ್ಬ ಬರೆದಿಟ್ಟ ಹೇಳಿಕೆಗಳವು. ಭಯದಿಂದ ಹೇಳಿದ್ದೆಷ್ಟು, ಸತ್ಯವೆಷ್ಟು ಎಂಬುದನ್ನು ಪ್ರತಿ ಸಲ ತೂಗಬೇಕಾಗುತ್ತದೆ. ಶಿಕ್ಷೆಗಳ ವಿವರ ಭೀಕರವಾದದ್ದು. ಚಕ್ರಕ್ಕೆ ಕಟ್ಟಿ ಮೂಳೆ ಮುರಿದು ಕೊಲ್ಲುವುದೂ ಅದರಲ್ಲಿತ್ತು. ಅಂತಹದನ್ನು ನಾನು ಬಣ್ಣಿಸಲಿಲ್ಲ, ಆದರೆ ಮರೆಮಾಚಲೂ ಇಲ್ಲ. ಶಿಕ್ಷೆ ನಡೆದ ಬೀದಿಯಿಂದ ಮನೆಗೆ ಬಂದ ಹುಡುಗಿ ರಾತ್ರಿಯ ಅಡುಗೆಗೆ ಈರುಳ್ಳಿ ಹೆಚ್ಚಲು ಕೂರಬೇಕಾದ ಹೊತ್ತನ್ನು ವಿವರವಾಗಿ ಬರೆದೆ.

ಕನ್ನಡದಲ್ಲಿ ಬರೆಯುವವರಿಗೆ ಸರ್ವನಾಮವೇ ಒಂದು ದೊಡ್ಡ ನಿರ್ಧಾರ. ಸಂಭಾಷಣೆಯಲ್ಲಿ ಯಜಮಾನರಿಗೆ ಬಹುವಚನ, ಗುಲಾಮರಿಗೆ ಏಕವಚನ ಎಂಬುದು ಅನಿವಾರ್ಯವಾಗಿತ್ತು. ನಿರೂಪಣೆಯಲ್ಲಿ ಮಾತ್ರ ಅದನ್ನು ತಿರುಗಿಸಿದೆ: ಯಜಮಾನ 'ಅವನು', ಅಡುಗೆಮನೆಯ ವೃದ್ಧ ಗುಲಾಮ ಹೆಂಗಸು 'ಅವರು'. ಹುಡುಗಿ ಆಕೆಯನ್ನು 'ಅಜ್ಜಿ' ಎಂದೇ ಕರೆಯುತ್ತಾಳೆ.

ದೊಡ್ಡ ದಂಗೆಯೊಂದು ಕಥೆಯಲ್ಲಿ ಇರಲೇಬೇಕಿತ್ತು, ಅದು ಇತಿಹಾಸದಲ್ಲೇ ಇದೆ. 1766ರಲ್ಲಿ ಮಡಗಾಸ್ಕರಿನಿಂದ ಸುಮಾರು 140 ಗುಲಾಮರನ್ನು ಹೊತ್ತು ಹೊರಟ 'ಮೀರ್ಮಿನ್' ಹಡಗಿನಲ್ಲಿ, ಈಟಿಗಳನ್ನು ಉಜ್ಜಿ ಹೊಳಪು ಕೊಡುವ ಕೆಲಸವನ್ನು ಅವರಿಗೇ ಒಪ್ಪಿಸಲಾಯಿತು, ಅದೇ ಈಟಿಗಳಿಂದ ಅವರು ಹಡಗನ್ನು ವಶಪಡಿಸಿಕೊಂಡರು. ನಾವಿಕರು ಊರಿಗೆ ಮರಳಿಸುತ್ತೇವೆಂದು ನಂಬಿಸಿ ಕೇಪ್‌ನ ದಡಕ್ಕೇ ತಂದರು. ದಂಗೆಯ ನಾಯಕರಲ್ಲೊಬ್ಬನಾದ ಮಸ್ಸವಾನಾ, ಕೇಪ್ ಟೌನಿನ ಬಳಿ ಕೈದಿಗಳನ್ನು ಇಡುತ್ತಿದ್ದ ರಾಬೆನ್ ದ್ವೀಪದಲ್ಲಿ 1769ರಲ್ಲಿ ತೀರಿಕೊಂಡ. ಫ್ಲೋರಾಳನ್ನು ಆ ಹಡಗಿಗೆ ಹತ್ತಿಸುವ ಆಸೆಯನ್ನು ಬಿಟ್ಟು, ಆ ಸುದ್ದಿ ತೊರೆಯ ಬಳಿ ಬಾಯಿಂದ ಬಾಯಿಗೆ ಹರಡಿ ಅವಳನ್ನು ತಲುಪುವಂತೆ ಮಾಡಿದೆ.

ಕೊನೆಯಲ್ಲಿ ಅವಳಿಗೆ ಬಿಡುಗಡೆಯಿಲ್ಲ. ಕೇಪ್‌ನಲ್ಲಿ ಗುಲಾಮಗಿರಿ ಕಾನೂನಿನಂತೆ ಅಂತ್ಯಗೊಂಡದ್ದು 1834ರ ಡಿಸೆಂಬರ್ 1ರಂದು, ಅದರ ಮೇಲೂ ನಾಲ್ಕು ವರ್ಷ 'ತರಬೇತಿ'ಯ ಹೆಸರಿನಲ್ಲಿ ಹಳೆಯ ಯಜಮಾನರಲ್ಲೇ ದುಡಿಯಬೇಕಾಯಿತು. ತಾಯಿ ಗುಲಾಮಳಾದರೆ ಮಗುವೂ ಗುಲಾಮನೇ ಎಂಬುದು ಅಲ್ಲಿನ ನಿಯಮವಾದ್ದರಿಂದ, ಆ ದಿನವನ್ನು ಕಾಣುವುದು ಅವಳ ಮೊಮ್ಮಗಳ ಪೀಳಿಗೆ. ಪುಸ್ತಕದ ಹಿಂದೆ ನಾಲ್ಕು ಪುಟಗಳ ಟಿಪ್ಪಣಿ ಸೇರಿಸಿ, ಟುಲ್ಬಾಖ್‌ನ ಕಟ್ಟಳೆ, ತೊರೆ, ಹಡಗು, ಮಸ್ಸವಾನಾ ನಿಜವೆಂದೂ ಫ್ಲೋರಾ, ಅಜ್ಜಿ ಮತ್ತು ಅವರಾಡುವ ಮಾತುಗಳು ನನ್ನ ಕಲ್ಪನೆಯೆಂದೂ ಬಿಡಿಸಿ ಬರೆದಿದ್ದೇನೆ.