ಕಡಲೊಳಗಿನ ಚಿತ್ರಕ್ಕೆ ಅಂಕ ಕೊಡುವುದು ಹೇಗೆ?

ನೇತ್ರಾಣಿ, ಅಂಡಮಾನ್, ಲಕ್ಷದ್ವೀಪಗಳಲ್ಲಿ ಸ್ಕೂಬಾ ಡೈವ್ ಮಾಡಿ ಬಂದವರ ಚಿತ್ರಗಳು ಈಗ ಫೋಟೊಗ್ರಫಿ ಸ್ಪರ್ಧೆಗಳಿಗೂ ಬರುತ್ತಿವೆ. ಅವುಗಳ ಮುಂದೆ ಕೂರುವ ತೀರ್ಪುಗಾರರು ಹಲವು ಸಲ ಕಬಿನಿ, ರಂಗನತಿಟ್ಟುಗಳಲ್ಲಿ ಪಳಗಿದವರು. ಗೂಡಿನ ಹತ್ತಿರ ಹೋಗಿ ತೆಗೆದ ಹಕ್ಕಿಯ ಚಿತ್ರವನ್ನು ಒಂದೇ ನೋಟಕ್ಕೆ ಪತ್ತೆ ಹಚ್ಚಿ ಪಕ್ಕಕ್ಕಿಡುತ್ತಾರೆ. ಬೆದರಿದ ಮೀನನ್ನು ಮಾತ್ರ ಗುರುತಿಸಲಾರರು. ನೀಲಿ ನೀರು, ಬಣ್ಣದ ಹವಳ ಕಂಡರೆ ಅಂಕ ತಾನಾಗಿಯೇ ಏರುತ್ತದೆ. ಅದಕ್ಕೇ ಬೆಳಕು, ಚೌಕಟ್ಟಿನಷ್ಟೇ ಗಟ್ಟಿಯಾಗಿ ಇನ್ನೊಂದು ಪ್ರಶ್ನೆಯನ್ನೂ ಹಿಡಿದುಕೊಳ್ಳಿ: ಈ ಚಿತ್ರ ತೆಗೆಯುವಾಗ ಆ ಜೀವಿಗೆ ಏನಾಯಿತು?

1. ಚಿತ್ರ ನೋಡುವ ಮುಂಚೆ ನಿಯಮ

ವಿಭಾಗಗಳನ್ನು ಬೇರೆ ಮಾಡಿ. ಬ್ರಿಟನ್‌ನ ‘ಅಂಡರ್‌ವಾಟರ್ ಫೋಟೊಗ್ರಾಫರ್ ಆಫ್ ದಿ ಇಯರ್’ ಸ್ಪರ್ಧೆಯಲ್ಲಿ ವೈಡ್ ಆಂಗಲ್ (ವಿಶಾಲ ನೋಟ), ಮ್ಯಾಕ್ರೊ (ಪುಟ್ಟ ಜೀವಿಗಳ ಅತಿ ಹತ್ತಿರದ ಚಿತ್ರ), ಮುಳುಗಿದ ಹಡಗು, ಜೀವಿಗಳ ವರ್ತನೆ ಎಲ್ಲಕ್ಕೂ ಬೇರೆ ಬೇರೆ ವಿಭಾಗಗಳಿವೆ. ಬೆರಳುದ್ದದ ಜೀವಿಯನ್ನೂ ಹಡಗನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಯಾರಿಗೂ ನ್ಯಾಯವಾಗುವುದಿಲ್ಲ.

ಎಡಿಟಿಂಗ್ ಎಲ್ಲಿಯವರೆಗೆ ಸರಿ ಎಂಬುದು ಬರಹದಲ್ಲಿರಲಿ. ಕ್ರಾಪ್, ಬಣ್ಣದ ತಿದ್ದುಪಡಿ ಇರಬಹುದು. ನೀರಿನಲ್ಲಿ ತೇಲುವ ಕಣಗಳನ್ನು ಅಳಿಸಬಹುದೇ, ಎಷ್ಟು? ಎರಡು ಚಿತ್ರ ಸೇರಿಸಬಹುದೇ? ಎಐ ಬಳಸಿ ಹೊಸದೇನನ್ನಾದರೂ ಕೂರಿಸಿದ್ದರೆ? ಆಹಾರ ಹಾಕಿ ಶಾರ್ಕ್ ಕರೆಸಿದ್ದರೆ ಅಡಿಬರಹದಲ್ಲಿ ಹೇಳಬೇಕೇ? ಇವನ್ನೆಲ್ಲ ಫಲಿತಾಂಶದ ದಿನ ಚರ್ಚಿಸುವ ಹಾಗಾಗಬಾರದು.

2. ಮೊದಲ ಸುತ್ತು ಮೌನವಾಗಿ

ಹೆಸರು ಮುಚ್ಚಿರಲಿ. ಬಣ್ಣ ಹೊಂದಿಸಿದ ಒಳ್ಳೆಯ ಮಾನಿಟರ್ ಬೇಕು. ಮೊಬೈಲ್‌ನಲ್ಲಿ ಚಿಕ್ಕ ಫೋಕಸ್ ತಪ್ಪು ಕಾಣುವುದಿಲ್ಲ, ಹಳೆಯ ಪ್ರೊಜೆಕ್ಟರ್‌ನಲ್ಲಿ ನೀಲಿಯೇ ಬೇರೆಯಾಗುತ್ತದೆ. ಅಂಕ ಹಾಕದೆ ಎಲ್ಲ ಚಿತ್ರಗಳನ್ನೂ ಒಮ್ಮೆ ನೋಡಿ ಮುಗಿಸಿ. ಇಲ್ಲದಿದ್ದರೆ ಮೊದಲು ಬಂದ ಆಮೆಗೆ ಸಿಗುವ ಅಂಕ ಹತ್ತನೆಯ ಆಮೆಗೆ ಸಿಗುವುದಿಲ್ಲ. ಪರಿಚಿತರ ಚಿತ್ರವೆಂದು ಗೊತ್ತಾದರೆ ಆ ಚಿತ್ರಕ್ಕೆ ನೀವು ಅಂಕ ಹಾಕಬೇಡಿ.

3. ಬೆಳಕನ್ನು ಓದಿ

ನೀರು ಮೊದಲು ನುಂಗುವುದು ಕೆಂಪನ್ನು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಬಿಸಿಲಿನ ಕೆಂಪು ಬಹುಮಟ್ಟಿಗೆ ಹೋಗಿರುತ್ತದೆ. ಆಮೇಲೆ ಚಿತ್ರದಲ್ಲಿ ಕಾಣುವ ಕೆಂಪು, ಕಿತ್ತಳೆಗಳೆಲ್ಲ ಹೆಚ್ಚಾಗಿ ಛಾಯಾಗ್ರಾಹಕ ಒಯ್ದ ನೀರೊಳಗಿನ ಫ್ಲ್ಯಾಶ್, ಅಂದರೆ ಸ್ಟ್ರೋಬ್‌ನ ಕೊಡುಗೆ. ಸ್ಟ್ರೋಬ್‌ನ ಬೆಳಕೂ ನೀರಿನಲ್ಲೇ ಹೋಗಿ ಬರಬೇಕು. ಒಂದು, ಒಂದೂವರೆ ಮೀಟರ್ ದಾಟಿದರೆ ಅದರ ಕಸುವು ಇಳಿಯುತ್ತದೆ. ಹಾಗಾಗಿ ಹತ್ತಿರದ ಹವಳ ಬಣ್ಣ ತುಂಬಿಕೊಂಡು ಹಿಂದಿನದು ನೀಲಿಗೆ ಜಾರುತ್ತಿದ್ದರೆ ಅದು ಸಹಜ. ದೂರದ ಬಂಡೆಯೂ ಅಷ್ಟೇ ಕೆಂಪಾಗಿ ಹೊಳೆಯುತ್ತಿದ್ದರೆ ಗುರುತು ಹಾಕಿಕೊಳ್ಳಿ, ಮೂಲ ಫೈಲ್ ನೋಡಬೇಕು.

ಚಿತ್ರದ ತುಂಬ ಬಿಳಿ ಚುಕ್ಕೆ ಇದೆಯೇ? ಅದು ಬ್ಯಾಕ್‌ಸ್ಕ್ಯಾಟರ್. ಮಡಿಕೇರಿ ಘಾಟಿಯ ಮಂಜಿನಲ್ಲಿ ಹೈಬೀಮ್ ಹಾಕಿದರೆ ಆಗುವುದೇ ಇಲ್ಲೂ ಆಗಿದೆ: ಲೆನ್ಸ್ ಮತ್ತು ಮೀನಿನ ನಡುವಿನ ನೀರಿನ ಮೇಲೆಯೇ ಬೆಳಕು ಬಿದ್ದಿದೆ. ಸ್ಟ್ರೋಬ್‌ಗಳನ್ನು ಅಗಲಿಸಿ, ಸ್ವಲ್ಪ ಹಿಂದಕ್ಕೆ ಸರಿಸಿದ್ದರೆ ಕಡಿಮೆಯಾಗುತ್ತಿತ್ತು. ಆದರೆ ನಾಲ್ಕು ಚುಕ್ಕೆ ಕಂಡಿತೆಂದು ಒಳ್ಳೆಯ ಚಿತ್ರವನ್ನು ಕೆಳಗಿಳಿಸಬೇಡಿ.

ಹಸಿರು ನೀರು ತಪ್ಪಲ್ಲ, ಇದನ್ನು ಒತ್ತಿ ಹೇಳಬೇಕು. ನಮ್ಮ ಪಶ್ಚಿಮ ಕರಾವಳಿಯ ನೀರಿನಲ್ಲಿ ಪ್ಲಾಂಕ್ಟನ್ (ತೇಲುವ ಸೂಕ್ಷ್ಮ ಜೀವಿಗಳು) ಸಮೃದ್ಧ. ನೇತ್ರಾಣಿಯ ನೀರು ಹಲವು ದಿನ ಹಸಿರಾಗಿಯೇ ಇರುತ್ತದೆ. ಅದನ್ನು ಮಾಲ್ಡೀವ್ಸ್‌ನ ನೀಲಿಗೆ ತಿರುಗಿಸಿ ಕಳಿಸಿದವರಿಗಿಂತ ಆ ಹಸಿರಿನಲ್ಲೇ ಮೀನಿನ ಹಿಂಡನ್ನು ಚಂದವಾಗಿ ಕೂರಿಸಿದವರಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ಇನ್ನೊಂದು ಗೊಂದಲ: ಕೆಳಗಿನಿಂದ ಮೇಲಕ್ಕೆ ತೆಗೆದ ಚಿತ್ರದಲ್ಲಿ ಆಕಾಶ ದುಂಡಗಿನ ಕಿಟಕಿಯಂತೆ ಕಂಡು ಸುತ್ತ ಕತ್ತಲಿದ್ದರೆ ಅದು ಲೆನ್ಸ್ ದೋಷವಲ್ಲ. ಬೆಳಕು ಬಾಗುವುದರಿಂದ ಮೇಲಿನ ಇಡೀ ಲೋಕ ಸುಮಾರು 97 ಡಿಗ್ರಿಯ ವೃತ್ತದೊಳಗೆ ಕಾಣುತ್ತದೆ. ಸ್ನೆಲ್ಸ್ ವಿಂಡೊ ಎಂದು ಹೆಸರು. ಅದನ್ನು ಹಿಡಿಯುವುದೇ ಒಂದು ಕೌಶಲ.

4. ಜೀವಿಯನ್ನು ಓದಿ

ಪಫರ್ ಮೀನು ಉಬ್ಬಿಕೊಂಡಿದೆ, ಸುತ್ತ ಬೇಟೆಗಾರ ಮೀನೊಂದೂ ಇಲ್ಲ. ಹಾಗಾದರೆ ಅದನ್ನು ಹೆದರಿಸಿದವರು ಯಾರು? ಕಡಲಕುದುರೆ ಬಾಲದಿಂದ ಏನನ್ನೂ ಹಿಡಿದುಕೊಳ್ಳದೆ ಬಯಲು ಮರಳಿನ ಮೇಲೆ ತೇಲುತ್ತಿದೆ. ನ್ಯೂಡಿಬ್ರಾಂಕ್ ಎಂಬ ಚಿಪ್ಪಿಲ್ಲದ ಕಡಲ ಬಸವನಹುಳು ತಾನು ತಿನ್ನುವ ಸ್ಪಂಜು ಬಿಟ್ಟು, ಕಪ್ಪು ಹಿನ್ನೆಲೆ ಸಿಗುವಂಥ ತುದಿಯೊಂದರ ಮೇಲೆ ಕೂತಿದೆ. ಮೂರು ಸೆಂಟಿಮೀಟರ್ ಮೀರದ, ಕ್ಯಾಮೆರಾಗೆ ಬೆನ್ನು ತಿರುಗಿಸುವ ಪಿಗ್ಮಿ ಕಡಲಕುದುರೆ ನೇರ ಲೆನ್ಸಿಗೇ ಮುಖ ಕೊಟ್ಟಿದೆ. ಮೂಲೆಯಲ್ಲಿ ಮರಳೆದ್ದಿದೆ, ಮುರಿದ ಹವಳದ ಬಿಳಿ ತುದಿ ಹೊಸದಾಗಿದೆ.

ಇವು ಪುರಾವೆಯಲ್ಲ, ಅನುಮಾನಕ್ಕೆ ಕಾರಣಗಳು. ಆಕಸ್ಮಿಕವಾಗಿಯೂ ಆಗಿರಬಹುದು. ಹಿಂದುಮುಂದಿನ ಫ್ರೇಮ್‌ಗಳನ್ನು ಕೇಳಿ. ಅವುಗಳಲ್ಲಿ ಅದೇ ನ್ಯೂಡಿಬ್ರಾಂಕ್ ಬೇರೆ ಜಾಗದಲ್ಲಿದ್ದರೆ ಸಂಗತಿ ಬಯಲಾಗುತ್ತದೆ.

ಫ್ಲ್ಯಾಶ್‌ನಿಂದಲೇ ಎಲ್ಲ ಹಾನಿ ಎಂಬ ನಂಬಿಕೆಯೂ ಇದೆ. ತಳದಲ್ಲಿ ಬದುಕುವ ಮೀನುಗಳ ಮೇಲೆ ನಡೆದು 2019ರಲ್ಲಿ ಸೈಂಟಿಫಿಕ್ ರಿಪೋರ್ಟ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ, ಫ್ಲ್ಯಾಶ್‌ಗಿಂತ ಕೈಯಿಂದ ಮುಟ್ಟಿ ಸರಿಸುವುದೇ ಅವುಗಳನ್ನು ಹೆಚ್ಚು ಕಲಕುತ್ತದೆಂದು ಕಂಡುಕೊಂಡಿತು. ಹವಳ, ಕಡಲಕುದುರೆಗಳಿಗೆ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ. ಮುಟ್ಟಿದ್ದು, ಸರಿಸಿದ್ದು ಖಚಿತವಾದರೆ ಐದು ಅಂಕ ಕಡಿಯುವ ಮಾತೇ ಬೇಡ. ಚಿತ್ರ ಸ್ಪರ್ಧೆಯಿಂದಲೇ ಹೊರಗೆ ಹೋಗಲಿ.

5. ಕ್ಷಣಕ್ಕೆ ಬೆಲೆ

ಕಾರ್ಡಿನಲ್ ಮೀನಿನ ಗಂಡು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ. ಆಗ ಊಟವಿಲ್ಲ. ಮೊಟ್ಟೆಗಳಿಗೆ ಗಾಳಿಯಾಡಲೆಂದು ಆಗಾಗ ಬಾಯಿ ತೆರೆದು ಅವನ್ನು ಹೊರಳಿಸುತ್ತದೆ, ಕ್ಷಣದಲ್ಲೇ ಮುಚ್ಚುತ್ತದೆ. ಮೀನಿನ ಕಣ್ಣು ಚೂಪಾಗಿ ಫೋಕಸ್ ಆಗಿ, ತೆರೆದ ಬಾಯೊಳಗಿನ ಮೊಟ್ಟೆಗಳಲ್ಲಿ ಮರಿಗಳ ಪುಟ್ಟ ಬೆಳ್ಳಿಗಣ್ಣುಗಳೂ ಕಾಣುತ್ತಿದ್ದರೆ ಛಾಯಾಗ್ರಾಹಕ ಮೊಟ್ಟೆಯೊಡೆಯುವ ಹೊತ್ತು ಅರಿತು, ಅಲುಗಾಡದೆ ಕಾದಿದ್ದಾನೆಂದು ಅರ್ಥ. ಬೆನ್ನಟ್ಟಿದರೆ ಇದು ಸಿಗುವುದಿಲ್ಲ. ಆಳ ಎಷ್ಟು, ಪ್ರಯಾಣಕ್ಕೆ ಖರ್ಚೆಷ್ಟು, ಜೀವಿ ಎಷ್ಟು ಅಪರೂಪ ಎಂಬುದಕ್ಕೆ ಅಂಕವಿಲ್ಲ. ಈ ಕಾಯುವಿಕೆಗೆ ಇದೆ.

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ‘ವೈಲ್ಡ್‌ಲೈಫ್ ಫೋಟೊಗ್ರಾಫರ್ ಆಫ್ ದಿ ಇಯರ್’ ಪ್ರಶಸ್ತಿ 2021ರಲ್ಲಿ ಫ್ರಾನ್ಸಿನ ಲಾರೆಂಟ್ ಬಲೆಸ್ಟಾ ಅವರಿಗೆ ಬಂತು. ಫ್ರೆಂಚ್ ಪಾಲಿನೇಷ್ಯಾದ ಫಕಾರವಾದಲ್ಲಿ ಗ್ರೂಪರ್ ಮೀನುಗಳು ಮೊಟ್ಟೆ, ವೀರ್ಯದ ಹಾಲುಬಿಳುಪಿನ ಮೋಡದಿಂದ ಚಿಮ್ಮುವ ಗಳಿಗೆಯ ಚಿತ್ರವದು. ಅದಕ್ಕಾಗಿ ಅವರ ತಂಡ ಐದು ವರ್ಷ ಅದೇ ಜಾಗಕ್ಕೆ ಮರಳಿ ಹೋಗಿತ್ತು.

6. ರಾ ಫೈಲ್ ತರಿಸಿ

ರಾ ಫೈಲ್ ಎಂದರೆ ಕ್ಯಾಮೆರಾ ದಾಖಲಿಸಿದ, ಎಡಿಟ್ ಆಗದ ಮೂಲ ಫೈಲ್. ಕೊನೆಯ ಸುತ್ತಿಗೆ ಬಂದ ಎಲ್ಲರಿಂದಲೂ ತರಿಸಿ, ಅನುಮಾನ ಬಂದವರಿಂದ ಮಾತ್ರವಲ್ಲ. ಇದೇ ಲಂಡನ್ ಸ್ಪರ್ಧೆಯಲ್ಲಿ 2017ರಲ್ಲಿ ಬಹುಮಾನ ಪಡೆದ ಇರುವೆಬಾಕನ ಚಿತ್ರದಲ್ಲಿದ್ದದ್ದು ಜೀವಂತ ಪ್ರಾಣಿಯಲ್ಲ, ಸತ್ತ ಪ್ರಾಣಿಯ ಚರ್ಮಕ್ಕೆ ತುಂಬಿ ಮಾಡಿದ ಬೊಂಬೆ ಎಂದು ತಜ್ಞರು ಅಭಿಪ್ರಾಯಪಟ್ಟು, 2018ರಲ್ಲಿ ಬಹುಮಾನ ಹಿಂಪಡೆಯಲಾಯಿತು. ಎಡಿಟಿಂಗ್ ಎಷ್ಟಾಗಿದೆ ಎಂದು ರಾ ಫೈಲ್ ಹೇಳುತ್ತದೆ, ಕ್ಯಾಮೆರಾ ಮುಂದೆ ನಡೆದ ನಾಟಕವನ್ನು ಹೇಳುವುದಿಲ್ಲ. ಮೀನು, ಹವಳ ಬಲ್ಲ ಸಾಗರ ಜೀವವಿಜ್ಞಾನಿಯೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳುವುದು ಅದಕ್ಕೇ.

7. ಮಾತಾಡಿ, ಬರೆದು ತಿಳಿಸಿ

ಈಗ ತೀರ್ಪುಗಾರರು ಚರ್ಚಿಸಬಹುದು. ಅಂಕಗಳ ಸರಾಸರಿಗೆ ಮೊದಲ ಬಹುಮಾನ ಒಪ್ಪಿಸಬೇಡಿ. ಎಲ್ಲರಿಗೂ ಸುಮಾರಾಗಿ ಹಿಡಿಸಿದ ಚಿತ್ರವೇ ಅದರಲ್ಲಿ ಗೆದ್ದುಬಿಡುತ್ತದೆ. ಸೋತವರಿಗೆ ಒಂದೊಂದು ಸಾಲಾದರೂ ಬರೆಯಿರಿ: ‘ಸ್ಟ್ರೋಬ್ ಅಗಲಿಸಿ, ಇನ್ನೊಂದಡಿ ಹತ್ತಿರ ಹೋಗಿ.’ ಹೊರಹಾಕಿದವರಿಗೆ ಕಾರಣವನ್ನು ಖಾಸಗಿ ಪತ್ರದಲ್ಲಿ ತಿಳಿಸಿ. ಹೊಸಬರಿಗೆಂದು ಡೈವ್ ಗೈಡ್‌ಗಳೇ ಕಡ್ಡಿಯಿಂದ ಜೀವಿಯನ್ನು ತಳ್ಳಿ ಪೋಸ್ ಕೊಡಿಸುವುದುಂಟು. ಅಂಥದ್ದು ಬೇಡವೆಂದು ನೀರಿಗಿಳಿಯುವ ಮುಂಚೆ, ದೋಣಿಯಲ್ಲೇ ಗೈಡ್‌ಗೆ ಹೇಳಿಬಿಡಿ ಎಂಬುದನ್ನೂ ಆ ಪತ್ರದಲ್ಲಿ ಸೇರಿಸಿ.